ಫೈಬರ್ ದೋಟಿ: ಅಡಿಕೆಗೆ ಒಳ್ಳೆಯದು, ಕರೆಂಟಿನ ತಂತಿ ಹತ್ತಿರ ಬೇಡವೇ ಬೇಡ

ಕಾಸರಗೋಡಿನ ಬದಿಯಡ್ಕದ ಅಂಗಡಿಯೊಂದರಿಂದ 60 ಅಡಿಯ ಕಾರ್ಬನ್ ಫೈಬರ್ ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ತಂದಿದ್ದೆವು, ಈ ವರ್ಷದ ಕೊಯ್ಲೂ ಮದ್ದೂ ಅದರಲ್ಲೇ ಆಯಿತು. ಕೆಲಸದ ಮಟ್ಟಿಗೆ ದೂರು ಇಲ್ಲ. ನೆಲದಲ್ಲೇ ನಿಂತು ಗೊನೆ ಇಳಿಸಬಹುದು, ತುದಿಯ ಕತ್ತಿ ತೆಗೆದು ನಾಝಲ್ ಸಿಕ್ಕಿಸಿದರೆ ಕೊಳೆರೋಗಕ್ಕೆ ಬಿಡುವ ಮೈಲುತುತ್ತು-ಸುಣ್ಣದ ಮದ್ದು ಬೋರ್ಡೋ ಬಿಡಬಹುದು, ಮಳೆಗೆ ಪಾಚಿ ಹಿಡಿದ ಮರಕ್ಕೆ ಯಾರನ್ನೂ ಹತ್ತಿಸಬೇಕಾಗಿಲ್ಲ. ಕೊಟ್ಟ ದುಡ್ಡಿಗೆ ಅದೊಂದೇ ಸಾಕು. ಮದ್ದಿನ ಸುಣ್ಣ ಅಂಟಿದರೆ ದೋಟಿಯ ತುಂಡುಗಳನ್ನು ಹಿಡಿದಿಡುವ ಲಾಕ್ ಬಿಗಿಯಾಗುತ್ತದೆ, ಅವತ್ತೇ ತೊಳೆದಿಡಿ.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ದೋಟಿಯ ಬುಡದಲ್ಲಿ ಒಂದು ಚಿಕ್ಕ ಹಳದಿ ಸ್ಟಿಕ್ಕರ್. ಅದರಲ್ಲಿ ಇಂಗ್ಲಿಷಿನಲ್ಲಿ 'ಕಾಷನ್' ಅಂತ, ಅದರಡಿ ಕನ್ನಡಕ ಹಾಕಿದರೂ ಕಾಣದ ಅಕ್ಷರ. ಕನ್ನಡ ಇಲ್ಲ, ಮಲಯಾಳವೂ ಇಲ್ಲ. ದೋಟಿ ಹಿಡಿಯುವವರಿಗೆ ತಿಳಿಯಬೇಕಾದದ್ದು ಇಷ್ಟು: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ಕಿನ ಹಾಗಿರುವುದರಿಂದ ಏನೂ ಆಗದು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಯುಮಿನಿಯಂ ದೋಟಿ ತಂತಿಗೆ ತಾಗಿದರೆ ಎಷ್ಟು ಅಪಾಯವೋ ಇದೂ ಅಷ್ಟೇ ಅಪಾಯ. 11 ಕೆ.ವಿ. (11,000 ವೋಲ್ಟ್) ಲೈನಾದರೆ ತಾಗಬೇಕೆಂದೇ ಇಲ್ಲ, ತೀರಾ ಹತ್ತಿರ ಹೋದರೂ ಕರೆಂಟು ಹಾರಬಹುದು. ಸಾಲದ್ದಕ್ಕೆ ಮದ್ದು ಬಿಡುವಾಗ ನೀರು ದೋಟಿ ಮೇಲೆ ಇಳಿದು ಕೈಯೆಲ್ಲ ಒದ್ದೆಯಾಗಿರುತ್ತದೆ. ರಬ್ಬರ್ ಚಪ್ಪಲಿ ನಂಬಬೇಡಿ.

ಅಂಗಡಿಯವರು ಲಾಕ್ ಹಾಕುವುದನ್ನು ಚೆನ್ನಾಗಿ ತೋರಿಸಿಕೊಟ್ಟರು. ಕರೆಂಟಿನ ವಿಷಯ ನಾನೇ ಎತ್ತಿದೆ. "ಅಣ್ಣಾ, ಇದಕ್ಕೆ ಕರೆಂಟು ಹಿಡಿಯುತ್ತದಲ್ಲ?" "ಹೌದು, ತಂತಿ ಇರುವಲ್ಲಿ ಸ್ವಲ್ಪ ಜಾಗ್ರತೆ ಮಾಡಿ." ಸ್ವಲ್ಪ ಜಾಗ್ರತೆ ಅಂದರೆ ಏನು ಮಾಡಬೇಕು? ಎಷ್ಟು ದೂರ ನಿಲ್ಲಬೇಕು? ಅದನ್ನು ಬಿಡಿಸಿ ಹೇಳಬೇಡವೇ? ಸುಮ್ನೆ ಹೇಳಿ ಬಿಟ್ಟ ಮಾತಿನಿಂದ ಯಾರ ಜೀವವೂ ಉಳಿಯದು.

ಪೆರ್ಲ, ಮುಳ್ಳೇರಿಯ ಕಡೆ ತೋಟದ ನಡುವೆಯೇ ಲೈನ್ ಹೋಗಿರುವುದು ಹೊಸತಲ್ಲ ಅಲ್ವಾ? ನೆಟ್ಟಗೆ ನಿಂತ ದೋಟಿ ತಂತಿಯಿಂದ ದೂರವೇ ಇರಬಹುದು, ಆದರೆ ಕೈ ತಪ್ಪಿ ವಾಲಿದರೆ 60 ಅಡಿ ದೂರದವರೆಗೂ ಅದರ ತುದಿ ಮುಟ್ಟಬಹುದು, ಹಿಡಿದವರ ಕಣ್ಣೆಲ್ಲ ಗೊನೆಯ ಮೇಲೆಯೇ ಇರುತ್ತದೆ. ಆದ್ದರಿಂದ ಲೈನ್ ಬದಿಯ ಸಾಲಿಗೆ ಹೋಗುವ ಮೊದಲು ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಆಫೀಸಿಗೆ ಹೇಳಿ ಕರೆಂಟು ತೆಗೆಸಿ, ತೆಗೆದದ್ದು ಅವರ ಬಾಯಿಂದಲೇ ಕೇಳಿದ ಮೇಲೆ ದೋಟಿ ಎತ್ತಿ. ಆಗಲಿಲ್ಲವೇ, ಆ ಸಾಲಿನ ಅಡಿಕೆ ಉದುರಿದರೆ ಉದುರಲಿ. ಜಾಗ ಬದಲಿಸುವಾಗ ದೋಟಿ ಇಳಿಸಿ, ಗಿಡ್ಡ ಮಾಡಿಕೊಂಡೇ ನಡೆಯಿರಿ.

ನಮ್ಮದರ ಬುಡಕ್ಕೆ ಕೆಂಪು ಪೇಂಟಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ 'ತಂತಿ ಇದ್ದಲ್ಲಿ ಎತ್ತಬೇಡಿ' ಅಂತ ಬರೆಸಿದ್ದೇವೆ. ಕಂಪೆನಿಯವರೇ ಹೀಗೆ ದೊಡ್ಡದಾಗಿ ಬರೆದು ಕೊಡಬೇಕು. ದೋಟಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ತಗೊಳ್ಳುವವರು ತೋಟದ ಎತ್ತರ ನೋಡಿ ತಗೊಳ್ಳಿ, ಉದ್ದ ಜಾಸ್ತಿಯಾದಷ್ಟೂ ತುದಿ ಬಳುಕುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ.