ಒಂದೇ ಬೋರ್ಡು, ಎರಡು ಚಿಪ್ಪು

ಜುಲೈ ಮಳೆ ಹಿಡಿದರೆ ಮಡಿಕೇರಿಯಲ್ಲಿ ನಮ್ಮ ಹೋಂಸ್ಟೇ ಖಾಲಿ. ಆ ಬಿಡುವಿನಲ್ಲೇ ಈ ಪಂದ್ಯ ನಡೆದದ್ದು. ನನ್ನ ಕಂಪ್ಯೂಟರಿನ ಪ್ರೊಸೆಸರ್ ಚಿಪ್ ಎಎಂಡಿಯ ರೈಜೆನ್ 7 5800ಎಕ್ಸ್. ಅಕ್ಕನ ಮಗನದ್ದು 5800ಎಕ್ಸ್3ಡಿ. "ಗೇಮ್ ಬೆಂಚ್‌ಮಾರ್ಕ್ ನೋಡಿ ಮಾವ, ನಿಮ್ಮದು ಹಳೇ ಚಿಪ್" ಎಂದು ಕೆಣಕಿದ. ಯಾವ ಚಿಪ್ ಎಷ್ಟು ವೇಗ ಅಂತ ಅಳೆಯುವ ಪರೀಕ್ಷೆಯೇ ಈ ಬೆಂಚ್‌ಮಾರ್ಕ್. ಎರಡೂ ಎಎಂ4 ಸಾಕೆಟ್ಟಿನವು, ಅಂದರೆ ಬೋರ್ಡಿನ ಒಂದೇ ಗೂಡಿನಲ್ಲಿ ಕೂರುವಂಥವು. ಹಾಗಾಗಿ ಬೋರ್ಡು, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ನನ್ನವೇ ಇಟ್ಟು ಚಿಪ್ ಮಾತ್ರ ಬದಲಾಯಿಸುತ್ತಾ ಹೋದೆವು. ಪ್ರತಿ ಸಲ ಚಿಪ್ಪಿನ ಮೇಲೆ ಶಾಖ ಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಂದು ಟ್ಯೂಬ್ ಖಾಲಿ!

ಎರಡಕ್ಕೂ 8 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ನನ್ನದು 4.7 ಗಿಗಾಹರ್ಟ್ಸ್ ತನಕ ಓಡುತ್ತದೆ, ಅವನದ್ದು 4.5. ಆದರೆ ಎಲ್3 ಕ್ಯಾಶ್, ಅಂದರೆ ಚಿಪ್ಪಿನೊಳಗೇ ಇರುವ ವೇಗದ ಮೆಮೊರಿ, ಅವನದ್ದರಲ್ಲಿ 96 ಎಂಬಿ, ನನ್ನದರಲ್ಲಿ ಬರೀ 32. ಜಗಳದ ಮೂಲ ಇದೇ.

ಮೊದಲು ಜಿಟಿಎ 5 ಗೇಮ್, 4ಕೆ ಎಂಬ ಬಹಳ ಸೂಕ್ಷ್ಮ ಚಿತ್ರದಲ್ಲಿ, ಎಲ್ಲ ಸೆಟ್ಟಿಂಗೂ ಮೇಲಿಟ್ಟು. ಎರಡೂ ಸಮ. ಏದುಸಿರು ಬಿಡುತ್ತಿದ್ದದ್ದು ಗ್ರಾಫಿಕ್ಸ್ ಕಾರ್ಡು. ಎಷ್ಟು ಆಳು ಹಾಕಿ ಕಾಫಿ ಹಣ್ಣು ಕುಯ್ಸಿದರೂ ಪಲ್ಪರ್ ನುಂಗುವಷ್ಟೇ ತಾನೆ? ಹೀಗೆ ಅಳೆದು "ಎರಡೂ ಒಂದೇ" ಎನ್ನುವವರ ಮಾತು ನಂಬಬೇಡಿ.

ಚಿತ್ರದ ಸೂಕ್ಷ್ಮತೆಯನ್ನು 720ಪಿಗೆ ಇಳಿಸಿದಾಗ ಅವನ ಚಿಪ್ ಮುಂದೆ ಹೋಯಿತು. ಫ್ಲೈಟ್ ಸಿಮ್ಯುಲೇಟರ್‌ನಲ್ಲಂತೂ ನನ್ನದು ಲೆಕ್ಕಕ್ಕೇ ಇಲ್ಲ. 720ಪಿಯಲ್ಲಿ ಈಗ ಯಾರು ಆಡ್ತಾರೆ ಅಂತ ನಾನೇ ಗೊಣಗಿದೆ. ಆದರೆ ಕಾರ್ಡಿನ ಹೊರೆ ಇಳಿಸದೆ ಪ್ರೊಸೆಸರ್‌ನ ಬಂಡವಾಳ ಬಯಲಾಗುವುದಿಲ್ಲ.

ಗೆದ್ದದ್ದು ಲೆಕ್ಕ ಮಾಡುವ ಶಕ್ತಿಯಿಂದ ಅಲ್ಲ. ಗೇಮ್ ಪ್ರತಿ ಫ್ರೇಮಿಗೂ ಅಲ್ಲಿಷ್ಟು ಇಲ್ಲಿಷ್ಟು ಡೇಟಾ ಕೇಳುತ್ತದೆ. ಅದು ಕ್ಯಾಶ್‌ನಲ್ಲಿ ಇಲ್ಲದಿದ್ದರೆ ರ‍್ಯಾಮ್‌ವರೆಗೆ ಹೋಗಿ ತರಬೇಕು, ಅಷ್ಟು ಹೊತ್ತು ಕೋರ್ ಸುಮ್ನೆ ಕಾಯುತ್ತದೆ. ದೊಡ್ಡ ಕ್ಯಾಶ್ ಇದ್ದರೆ ಆ ಓಡಾಟ ಕಡಿಮೆ. ಕಾರ್ಖಾನೆ ಕಟ್ಟುವ ಗೇಮ್ ಫ್ಯಾಕ್ಟೋರಿಯೊದಲ್ಲಿ ಇದು ಚೆನ್ನಾಗಿ ಕಂಡಿತು. ಚಿಕ್ಕ ಕಾರ್ಖಾನೆಯಲ್ಲಿ ಅವನ ಚಿಪ್ ನನ್ನದನ್ನು ಎಲ್ಲೋ ಬಿಟ್ಟು ಓಡಿತು. ಅವನೇ ತಿಂಗಳುಗಟ್ಟಲೆ ಕಟ್ಟಿದ ದೈತ್ಯ ಕಾರ್ಖಾನೆ ತೆರೆದಾಗ, ಡೇಟಾ 96 ಎಂಬಿಗೂ ಹಿಡಿಸದೆ, ಅಂತರ ಕುಗ್ಗಿತು. ಅದೇ ಗೇಮ್, ಅದೇ ಚಿಪ್, ಉತ್ತರ ಬೇರೆ! ಯಾವ ಸೇವ್ ಫೈಲ್ (ಉಳಿಸಿಟ್ಟ ಆಟ) ಅಂತ ಹೇಳದ ಬೆಂಚ್‌ಮಾರ್ಕನ್ನು ಏನಂತ ನಂಬೋದು?

ಕೊನೆಗೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್, ಅಂದರೆ ದೃಶ್ಯವನ್ನು ಲೆಕ್ಕ ಹಾಕಿ ಚಿತ್ರ ಮಾಡಿಸುವುದು. ಅಲ್ಲಿ ಕ್ಯಾಶ್‌ಗಿಂತ ಗಿಗಾಹರ್ಟ್ಸ್‌ಗೆ ಬೆಲೆ ಜಾಸ್ತಿ. ನನ್ನದೇ ಮೊದಲು ಮುಗಿಸಿತು.

"ಸ್ವಲ್ಪವೇ ಅಲ್ವಾ ಮಾವ?"

ಸ್ವಲ್ಪವೇ. ಆದರೆ ನಾನು ದಿನಾ ಮಾಡುವುದು ರೆಂಡರ್, ವಿಮಾನ ಹಾರಿಸುವುದಲ್ಲ. ಅವನ ಚಿಪ್ ಒರೆಸಿ ಡಬ್ಬಿಗೆ ಹಾಕಿ ಕೊಟ್ಟೆ. ನನ್ನದನ್ನು ವಾಪಸ್ ಕೂರಿಸುವಷ್ಟರಲ್ಲಿ ಕರೆಂಟ್ ಹೋಯಿತು.