ಪೀಣ್ಯದ ಲ್ಯಾಬೊಂದರ ಲೆಕ್ಟಿನ್ ಸೇವೆ: ಜೆಲ್ ಅಚ್ಚುಕಟ್ಟು, ವರದಿ ಅರೆಬರೆ

ಔಷಧೀಯ ಸಸ್ಯದ ಎಲೆಯಿಂದ ಲೆಕ್ಟಿನ್, ಅಂದರೆ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನ್, ಬೇರ್ಪಡಿಸಿಕೊಡುವ ಕೆಲಸವನ್ನು ನಮ್ಮ ಕಾಲೇಜಿನ ಜೀವರಸಾಯನ ವಿಭಾಗವು ಬೆಂಗಳೂರಿನ ಪೀಣ್ಯದ ಖಾಸಗಿ ಪ್ರಯೋಗಾಲಯವೊಂದಕ್ಕೆ ಒಪ್ಪಿಸಿತ್ತು. ನಮ್ಮಲ್ಲಿ ಕೋಲ್ಡ್ ರೂಮ್ ಇಲ್ಲದಿರುವುದೇ ಅದಕ್ಕೆ ಕಾರಣ. ಮನೆಯಲ್ಲಿ ಕಷಾಯಕ್ಕೆ ಬಳಸುವ ಹಿತ್ತಲ ಸೊಪ್ಪದು. ಈ ಕೆಲಸ ಮಾಡುತ್ತಿರುವ ವಿದ್ಯಾರ್ಥಿನಿಯ ಪ್ರಬಂಧ ಇನ್ನೂ ಸಲ್ಲಿಕೆಯಾಗಿಲ್ಲವಾದ್ದರಿಂದ ಸೊಪ್ಪಿನ ಹೆಸರು ಬರೆಯುತ್ತಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಅಮೋನಿಯಂ ಸಲ್ಫೇಟ್ ಉಪ್ಪು ಬೆರೆಸಿ ಪ್ರೋಟೀನನ್ನು ಹಂತಹಂತವಾಗಿ ತಳಕ್ಕೆ ಇಳಿಸುವುದರಿಂದ ಹಿಡಿದು, ಆ ಉಪ್ಪನ್ನು ಸೋಸಿ ತೆಗೆಯುವ ಡಯಾಲಿಸಿಸ್‌ವರೆಗೆ ಎಲ್ಲವನ್ನೂ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸಿ, ಪ್ರತಿ ಹಂತದ ಪ್ರೋಟೀನ್ ಪ್ರಮಾಣವನ್ನು ದಾಖಲಿಸಿದ್ದರು. ಎಸ್‌ಡಿಎಸ್ ಜೆಲ್‌ನ ಪಟ್ಟಿಗಳು (ಗಾತ್ರದ ಪ್ರಕಾರ ಬೇರ್ಪಟ್ಟ ಪ್ರೋಟೀನುಗಳು) ಗೆರೆ ಎಳೆದಂತೆ ಸ್ಪಷ್ಟವಾಗಿದ್ದವು. ಹೇಳಿದ ದಿನಕ್ಕೆ ಸರಿಯಾಗಿ ವರದಿಯೂ ಬಂತು.

ತೊಂದರೆ ಇರುವುದು ಆ ವರದಿಯಲ್ಲೇ. ಲೆಕ್ಟಿನ್ ರಕ್ತಕಣಗಳ ಮೈಮೇಲಿನ ಸಕ್ಕರೆಯನ್ನು ಹಿಡಿದು ಅವನ್ನು ಒಂದಕ್ಕೊಂದು ಜೋಡಿಸುತ್ತದೆ. ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುವ ಪರೀಕ್ಷೆಯಲ್ಲಿ ಟೈಟರ್ 128 ಬಂದಿದೆ (ಅಂದರೆ ದ್ರಾವಣವನ್ನು 128 ಪಟ್ಟು ತೆಳುವಾಗಿಸಿದರೂ ಕಣಗಳು ಗುಂಪುಗೂಡುತ್ತವೆ), ಆದ್ದರಿಂದ ಲೆಕ್ಟಿನ್ ಇದೆ ಎಂದು ಒಂದೇ ಸಾಲಿನಲ್ಲಿ ತೀರ್ಮಾನಿಸಿಬಿಟ್ಟಿದ್ದರು. ಅವರು ಹಿಂದಿರುಗಿಸಿದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿದ್ದದ್ದು ಚಹಾದ ಡಿಕಾಕ್ಷನ್‌ನಂತೆ ಕಂದು. ಬೀಜಕ್ಕೆ ಹೋಲಿಸಿದರೆ ಎಲೆಯ ಕಷ್ಟವೇ ಇದು: ಅರೆಯುವಾಗ ಸಸ್ಯದ ಒಗರು ವಸ್ತುಗಳಾದ ಪಾಲಿಫಿನಾಲ್‌ಗಳು ಗಾಳಿಗೆ ಕಪ್ಪಾಗಿ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಮತ್ತು ಅವುಗಳಲ್ಲೊಂದಾದ ಟ್ಯಾನಿನ್ ಯಾವ ಲೆಕ್ಟಿನ್ನಿನ ನೆರವೂ ಇಲ್ಲದೆ ತಾನೇ ರಕ್ತಕಣಗಳನ್ನು ಗುಂಪುಗೂಡಿಸಬಲ್ಲದು. ಅರೆಯುವಾಗಲೇ ಪಿವಿಪಿಪಿ ಎಂಬ, ನೀರಿನಲ್ಲಿ ಕರಗದ ಪಾಲಿಮರ್ ಪುಡಿ ಸೇರಿಸಿದರೆ ಟ್ಯಾನಿನ್ನಿನ ಬಹುಪಾಲು ಅದಕ್ಕೆ ಹತ್ತಿಕೊಳ್ಳುತ್ತದೆ. ಇವರು ಸೇರಿಸಿರಲಿಲ್ಲ. ನಾವೇ ಐಸ್ ಪೆಟ್ಟಿಗೆ ಇಟ್ಟುಕೊಂಡು, ಪಿವಿಪಿಪಿ ಹಾಕಿ ಮತ್ತೆ ಅರೆದು ಪರೀಕ್ಷಿಸಿದಾಗ ಟೈಟರ್ 8ಕ್ಕೆ ಇಳಿಯಿತು. ಅದಕ್ಕಿಂತ ತೆಳುವಾದ ಮುಂದಿನ ಗುಳಿಗಳಲ್ಲೆಲ್ಲ ರಕ್ತಕಣಗಳು ಗುಂಪುಗೂಡಿ ಚಾಪೆಯಂತೆ ಹರಡುವ ಬದಲು ತಳದಲ್ಲಿ ಕೆಂಪು ಬೊಟ್ಟಾಗಿ ಕೂತಿದ್ದವು.

ಉಳಿದ ಆ 8 ಲೆಕ್ಟಿನ್ನಿನದೇ ಎನ್ನಲು ಸಕ್ಕರೆಯ ತಡೆ ಪರೀಕ್ಷೆ ಬೇಕು. ಗ್ಯಾಲಕ್ಟೋಸ್, ಮ್ಯಾನೋಸ್ ಮುಂತಾದವನ್ನು ಒಂದೊಂದಾಗಿ ಸೇರಿಸಿದಾಗ ಯಾವುದು ಗುಂಪುಗೂಡುವಿಕೆಯನ್ನು ನಿಲ್ಲಿಸುತ್ತದೋ ಅದೇ ಆ ಪ್ರೋಟೀನಿನ ಆಯ್ಕೆ. 1954ರಲ್ಲಿ ವಿಲಿಯಂ ಬಾಯ್ಡ್ ಈ ಹೆಸರು ಕೊಟ್ಟದ್ದೂ 'ಆರಿಸು' ಎಂಬರ್ಥದ ಲ್ಯಾಟಿನ್ ಪದದಿಂದಲೇ. ವಿಚಾರಿಸಿದರೆ, "ಅದು ಪ್ಯಾಕೇಜಿನಲ್ಲಿ ಬರುವುದಿಲ್ಲ ಮೇಡಂ, ಅದಕ್ಕೆ ಬೇರೆ ಚಾರ್ಜ್ ಇದೆ" ಎಂದರು. ಹಲಸಿನ ಬೀಜದ ಲೆಕ್ಟಿನ್ ಆದ ಜಾಕಲಿನ್‌ನ ರಚನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡವು 1996ರಲ್ಲಿ ಪ್ರಕಟಿಸಿದ ಊರಿದು. ಇಲ್ಲಿ ಕೂತು ಈ ಮಾತು ಕೇಳಬೇಕಾಯಿತು.

ಬರಿಯ ಶುದ್ಧೀಕರಣ ಮತ್ತು ಜೆಲ್‌ಗಾದರೆ ನಾನು ಮತ್ತೆ ಇವರಲ್ಲಿಗೇ ಹೋಗುವೆ. ಗುಣಲಕ್ಷಣ ಪರೀಕ್ಷೆಯನ್ನೂ ಒಪ್ಪಿಸುವವರು ಪಿವಿಪಿಪಿ ಮತ್ತು ಸಕ್ಕರೆಯ ತಡೆ ಪರೀಕ್ಷೆಯನ್ನು ಮೊದಲೇ ಆರ್ಡರಿನಲ್ಲಿ ಬರೆಸಿ. ಜೊತೆಗೆ ಯಶವಂತಪುರದ ಮಂಡಿಯಿಂದ ಒಂದು ಹಿಡಿ ಹುರುಳಿಯನ್ನೂ ಕಳುಹಿಸಿ: ಅದರ ಲೆಕ್ಟಿನ್ ಎ1 ಗುಂಪಿನ (ಎ ರಕ್ತಗುಂಪಿನ ಒಂದು ಉಪಗುಂಪು) ರಕ್ತಕಣಗಳನ್ನು ಒಟ್ಟುಗೂಡಿಸುತ್ತದೆ, ಒ ಗುಂಪಿನವನ್ನು ಮುಟ್ಟುವುದಿಲ್ಲ. ಹುರುಳಿಯಲ್ಲೇ ಈ ವ್ಯತ್ಯಾಸ ತೋರಿಸಲಾಗದಿದ್ದರೆ ಸೊಪ್ಪಿನ ವರದಿಗೆ ಹಣ ಕಟ್ಟಬೇಡಿ.