ಬಿಡಿ ಬೆಣ್ಣೆಯ ದೂರು ಮತ್ತು ಸರ್ಕಾರಿ ತಪಾಸಣೆ: ಒಬ್ಬ ಗ್ರಾಹಕನ ವಿಮರ್ಶೆ

ಪೇಟೆಯ ಅಂಗಡಿಯೊಂದರಿಂದ ಅರ್ಧ ಕಿಲೋ ಬಿಡಿ ಬೆಣ್ಣೆ ತಂದು ಕಾಯಿಸಲು ಇಟ್ಟೆ. ಚಟಪಟ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನೀರು ಇಂಗಿ, ನೊರೆ ಇಳಿದು, ತಳದ ಗಸಿ ಕೆಂಪಗಾದ ಮೇಲೆ ಸೋಸಿ ತೂಗಿದಾಗ ಸಿಕ್ಕ ತುಪ್ಪ 325 ಗ್ರಾಂ. ಬಿಳಿ ಬೆಣ್ಣೆಯಲ್ಲಿ ಹಾಲಿನ ಕೊಬ್ಬು ಶೇ 76ಕ್ಕಿಂತ ಕಡಿಮೆ ಇರಬಾರದು, ಪೊಟ್ಟಣದ ಟೇಬಲ್ ಬೆಣ್ಣೆಯಲ್ಲಾದರೆ ಶೇ 80 ಇರಬೇಕು, ನೀರಿನಂಶ ಶೇ 16 ಮೀರಬಾರದು ಎಂಬುದು ನಿಯಮ. ಬಿಳಿ ಬೆಣ್ಣೆಯ ಶೇ 76ರ ಲೆಕ್ಕದಲ್ಲಿ ನನಗೆ 380 ಗ್ರಾಂ ಬರಬೇಕಿತ್ತು. ಪಾತ್ರೆಗೂ ಗಸಿಗೂ ಅಂಟಿದ್ದನ್ನು ಧಾರಾಳವಾಗಿ ಬಿಟ್ಟುಕೊಟ್ಟರೂ 360 ಗ್ರಾಂ ಆದರೂ ಸಿಗಬೇಕಿತ್ತು.

ಅಡುಗೆಮನೆಯ ತಕ್ಕಡಿ ಕಾನೂನಿಗೆ ಸಾಕ್ಷಿಯಾಗದು ಎಂದು ಗೊತ್ತಿದ್ದರಿಂದ ಆಹಾರ ಸುರಕ್ಷತಾ ವಿಭಾಗಕ್ಕೆ ಮೊಬೈಲ್ ಮೂಲಕ ದೂರು ಸಲ್ಲಿಸಿದೆ. ಒಂಬತ್ತನೆಯ ದಿನ ಅಧಿಕಾರಿ ಬಂದರು. ವಿಳಂಬದ ಬಗ್ಗೆ ನನಗೆ ಬೇಸರವಿದೆಯಾದರೂ, ಅವರು ಮಾದರಿ ತೆಗೆದುಕೊಂಡ ಕ್ರಮವನ್ನು ಮೆಚ್ಚಲೇಬೇಕು. ಅಂಗಡಿಯವರಿಗೆ ಲಿಖಿತ ನೋಟಿಸು ಕೊಟ್ಟು, ಬೆಣ್ಣೆಗೆ ಹಣ ತೆತ್ತು, ಅದನ್ನು ನಾಲ್ಕು ಭಾಗ ಮಾಡಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಮೊಹರು ಹಾಕಿದರು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಂಕಿತಾಧಿಕಾರಿಗೆ, ಮತ್ತೊಂದು ವ್ಯಾಪಾರಿ ಬಯಸಿದರೆ ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ. ನನ್ನ ಮಾತನ್ನಷ್ಟೇ ನಂಬಿ ಅಂಗಡಿಯವನನ್ನು ತಪ್ಪಿತಸ್ಥನೆನ್ನದೆ, ಅವನಿಗೂ ತನ್ನ ಪರ ವಾದಿಸಲು ಅವಕಾಶವಿಟ್ಟ ಈ ಏರ್ಪಾಡು ನ್ಯಾಯವಾದದ್ದು.

ಆಮೇಲಿನ ಸೇವೆಗೆ ಅಷ್ಟು ಅಂಕ ಕೊಡಲಾರೆ. ಮಾದರಿ ತಲುಪಿದ 14 ದಿನಗಳೊಳಗೆ ವಿಶ್ಲೇಷಕರ ವರದಿ ಅಂಕಿತಾಧಿಕಾರಿಗೆ ಸೇರಬೇಕು. ಅದು ಸೇರಿತೋ ಇಲ್ಲವೋ, ನನ್ನ ಮೊಬೈಲಿಗೆ ಬಂದದ್ದು 'ದೂರು ವಿಲೇವಾರಿಯಾಗಿದೆ' ಎಂಬ ಒಂದೇ ಸಾಲು. ಮೂರು ಸಲ ಕಚೇರಿಗೆ ಕರೆ ಮಾಡಿದ ಮೇಲೆ, ಬೆಣ್ಣೆ ಕಳಪೆ ಗುಣಮಟ್ಟದ್ದೆಂದು ವರದಿ ಬಂದಿದೆ, ಕಡತ ದಂಡ ನಿರ್ಧರಿಸುವ ಅಪರ ಜಿಲ್ಲಾಧಿಕಾರಿಗಳ ಮುಂದಿದೆ ಎಂದು ತಿಳಿಯಿತು. ಅಷ್ಟರಲ್ಲಿ ಆ ಬೆಣ್ಣೆಯೆಲ್ಲ ಯಾರ ಯಾರ ಮನೆಯ ರೊಟ್ಟಿಯ ಮೇಲೆ ಕರಗಿತ್ತೋ!

1954ರ ಕಲಬೆರಕೆ ತಡೆ ಕಾಯ್ದೆಯಲ್ಲಿ ಇಂಥ ತಪ್ಪಿಗೆ ಜೈಲು ಶಿಕ್ಷೆಯೂ ಇತ್ತು. ಈಗಿನ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಅಸುರಕ್ಷಿತ ಆಹಾರವನ್ನು ಬೇರೆಯಾಗಿಯೂ ಕಳಪೆ ಆಹಾರವನ್ನು ಬೇರೆಯಾಗಿಯೂ ನೋಡುತ್ತದೆ. ಎರಡನೆಯದಕ್ಕೆ 5 ಲಕ್ಷ ರೂಪಾಯಿವರೆಗಿನ ದಂಡ ಮಾತ್ರ. ನೀರು ಹೆಚ್ಚಾದ ಬೆಣ್ಣೆಗೆ ಸೆರೆಮನೆ ಬೇಡವೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ದಂಡ ತಿಂಗಳುಗಟ್ಟಲೆ ಕಡತದಲ್ಲೇ ಉಳಿದರೆ ಅಂಗಡಿಯವನು ಅದಕ್ಕೆ ಏಕೆ ಹೆದರಬೇಕು?

ಇದೇ ಕಾಯ್ದೆಯ 40ನೆಯ ಕಲಮಿನ ಪ್ರಕಾರ, ಶುಲ್ಕ ಕಟ್ಟಿ ಗ್ರಾಹಕನೇ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕವೂ ವಾಪಸು. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಬೇಕೆಂಬ ಷರತ್ತಿದೆ. ಕಳ್ಳನಿಗೆ ಹೇಳಿ ಕಾವಲು ಕೂತಂತಾಯಿತು ಎಂದು ಓದಿದಾಗ ನಕ್ಕಿದ್ದೆ. ಆದರೂ ಕಳೆದ ವಾರ ಅದೇ ಅಂಗಡಿಗೆ ಹೋಗಿ, "ಯಜಮಾನರೇ, ಈ ಬೆಣ್ಣೆಯನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದೆ. ಆತ ತಕ್ಕಡಿಯ ಮೇಲಿದ್ದ ಮುದ್ದೆಯನ್ನು ಮೆಲ್ಲಗೆ ಎತ್ತಿಟ್ಟು, "ಇದು ನಿನ್ನೆಯದು ಸ್ವಾಮಿ, ಇರಿ" ಎನ್ನುತ್ತ ಒಳಗಿನಿಂದ ಬೇರೆ ಬೆಣ್ಣೆ ತಂದು ತೂಗಿಕೊಟ್ಟ. ಅದನ್ನು ಪ್ರಯೋಗಾಲಯಕ್ಕೆ ಕಳಿಸದೆ ಮನೆಯಲ್ಲೇ ಕಾಯಿಸಿದೆ. ಅರ್ಧ ಕಿಲೋಗೆ 385 ಗ್ರಾಂ ತುಪ್ಪ ಬಂತು.